ಕಂಪೆನಿಗಳನ್ನು ಅರಿಯುವ ಬಗೆ

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಸಾಗುವ ರಸ್ತೆಯಲ್ಲಿ ಬಾಳೂರನ್ನು ದಾಟುವ ಪ್ರಯಾಣಿಕನಿಗೆ ಎರಡು ಬದಿಗಳಲ್ಲಿಯೂ ಕಾಣುವುದು ಮರಗಳ ನೆರಳು, ಆ ನೆರಳಿನ ಅಡಿಯಲ್ಲಿ ಕಾಫಿ ಗಿಡಗಳ ಸಾಲು, ಅಲ್ಲಲ್ಲಿ ಗೇಟುಗಳ ಪಕ್ಕದಲ್ಲಿ ತೋಟದ ಹೆಸರನ್ನು ಬರೆದ ಹಲಗೆ. ಕೆಲವು ಹಲಗೆಗಳಲ್ಲಿ ತೋಟದ ಹೆಸರು ಮಾತ್ರವಿರುತ್ತದೆ. ಕೆಲವುಗಳಲ್ಲಿ ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂದೋ ‘ಪ್ರೈವೇಟ್ ಲಿಮಿಟೆಡ್’ ಎಂದೋ ‘ಅಂಡ್ ಕಂಪೆನಿ’ ಎಂದೋ ಬರೆದಿರುತ್ತದೆ. ಕಾಫಿ ಕೊಳ್ಳುವ ವರ್ತಕರ ಅಂಗಡಿಗಳ ಮೇಲೆಯೂ ಕ್ಯೂರಿಂಗ್ ವರ್ಕ್ಸ್‌ಗಳ ಗೋಡೆಗಳ ಮೇಲೆಯೂ ಇದೇ ಪದಗಳು ಕಾಣಸಿಗುತ್ತವೆ. ಈ ಪದಗಳು ಅಲಂಕಾರಕ್ಕಾಗಿ ಸೇರಿಸಿದವುಗಳಲ್ಲ. ಪ್ರತಿಯೊಂದು ಪದವೂ ಆ ಸಂಸ್ಥೆಯ ಬಗ್ಗೆ ನಾವು ಏನನ್ನು ತಿಳಿಯಬಹುದು, ಎಲ್ಲಿ ತಿಳಿಯಬಹುದು ಎಂಬುದನ್ನು ಸೂಚಿಸುತ್ತದೆ.

ಇದನ್ನು ತಿಳಿಯುವ ಅಗತ್ಯವಾದರೂ ಏನು ಎಂದು ವಾಚಕರು ಕೇಳಬಹುದು. ಭಾರತದಲ್ಲಿ 1942ರ ಕಾಫಿ ಕಾಯಿದೆಯ ಮೇರೆಗೆ ಬಹುಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಸಂಗ್ರಹಕ್ಕೆ ಒಪ್ಪಿಸಬೇಕಾಗಿದ್ದಿತು. ಮಂಡಳಿಯು ಅದನ್ನು ಮಾರಿ, ಬಂದ ಹಣವನ್ನು ಕಂತುಗಳಲ್ಲಿ ಹಂಚುತ್ತಿದ್ದಿತು. ಹಣ ತಡವಾಗಿ ಬರುತ್ತದೆಂಬ ದೂರು ಇದ್ದರೂ ಕೊಳ್ಳುವವನು ಯಾರೆಂಬ ಚಿಂತೆ ಬೆಳೆಗಾರನಿಗೆ ಇರಲಿಲ್ಲ. 1990ರ ದಶಕದಲ್ಲಿ ಈ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರನಿಗೆ ತನ್ನ ಸಂಪೂರ್ಣ ಬೆಳೆಯನ್ನು ತನಗಿಷ್ಟ ಬಂದವರಿಗೆ ಮಾರುವ ಸ್ವಾತಂತ್ರ್ಯ ದೊರೆಯಿತು. ಸ್ವಾತಂತ್ರ್ಯದ ಜತೆಯಲ್ಲಿಯೇ ಹೊಣೆಯೂ ಬಂದಿತು. ಇಡೀ ವರ್ಷದ ಬೆಳೆಯನ್ನು ಒಬ್ಬ ವರ್ತಕನ ಗೋದಾಮಿನಲ್ಲಿಟ್ಟು, ಬೆಲೆಯನ್ನು ಮುಂದೆ ನಿರ್ಧರಿಸಿಕೊಳ್ಳೋಣವೆಂದು ಮನೆಗೆ ಹಿಂತಿರುಗುವ ಬೆಳೆಗಾರನು, ಆ ವರ್ತಕ ಸಂಸ್ಥೆಗೆ ವಾಸ್ತವವಾಗಿ ಸಾಲವನ್ನೇ ಕೊಟ್ಟಿರುತ್ತಾನೆ. ಸಾಲ ಕೊಡುವವನು ಪಡೆಯುವವನ ಸ್ಥಿತಿಗತಿಗಳನ್ನು ವಿಚಾರಿಸಬೇಡವೆ? ಪದವಿಯನ್ನು ಮುಗಿಸಿ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಲಿರುವ ವಿದ್ಯಾರ್ಥಿಗೂ, ಉಳಿತಾಯದ ಹಣದಲ್ಲಿ ಷೇರು ಕೊಳ್ಳಬಯಸುವ ಗೃಹಸ್ಥನಿಗೂ ಇದೇ ಮಾತು ಅನ್ವಯಿಸುತ್ತದೆ.

ಊರಿನ ಮಾತಿನಿಂದ ತಿಳಿದ ಸುದ್ದಿಗೂ ದಾಖಲೆಗಳಿಂದ ಸಿದ್ಧಪಟ್ಟ ಸಂಗತಿಗೂ ಇರುವ ಅಂತರವನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಅನುಸರಿಸುವ ಕ್ರಮವನ್ನೇ ಪುಸ್ತಕ ಭಂಡಾರದಲ್ಲಿಯೂ ಅನುಸರಿಸಿ, ಕಂಪೆನಿಗಳ ವಿಷಯವನ್ನು ಹೇಗೆ ಶೋಧಿಸಬಹುದೆಂಬುದನ್ನು ಇಲ್ಲಿ ನೋಡೋಣ.

ಕಂಪೆನಿಗಳ ವರ್ಗೀಕರಣ

ಸಸ್ಯಶಾಸ್ತ್ರಜ್ಞನು ಗಿಡವನ್ನು ಕಂಡೊಡನೆ ಅದರ ಕುಟುಂಬ ಯಾವುದೆಂದು ಕೇಳುತ್ತಾನೆ. ನಾವೂ ಮೊದಲು ವರ್ಗವನ್ನು ಗುರುತಿಸಬೇಕು. 2013ರ ಕಂಪೆನಿ ಕಾಯಿದೆಯ ಪ್ರಕಾರ ಖಾಸಗಿ ಕಂಪೆನಿಗೆ ಕನಿಷ್ಠ 2 ಸದಸ್ಯರು ಇರಬೇಕು. ಸಾಮಾನ್ಯವಾಗಿ 200ಕ್ಕಿಂತ ಹೆಚ್ಚು ಮಂದಿ ಇರಕೂಡದು. ಅದರ ಷೇರುಗಳನ್ನು ಸ್ವೇಚ್ಛೆಯಾಗಿ ಕೈಬದಲಾಯಿಸಲಾಗದು. ತನ್ನ ಷೇರುಗಳನ್ನು ಕೊಳ್ಳಿರೆಂದು ಅದು ಸಾರ್ವಜನಿಕರನ್ನು ಆಹ್ವಾನಿಸುವಂತಿಲ್ಲ. ‘ಪ್ರೈವೇಟ್ ಲಿಮಿಟೆಡ್’ ಎಂಬ ಪದಗಳು ಸೂಚಿಸುವುದು ಇದನ್ನೇ. ಸಾರ್ವಜನಿಕ ಕಂಪೆನಿಗೆ ಕನಿಷ್ಠ 7 ಸದಸ್ಯರಿರಬೇಕು, ಗರಿಷ್ಠ ಮಿತಿಯಿಲ್ಲ. ಅದರ ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂದಷ್ಟೇ ಇರುತ್ತದೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ‘ಸಾರ್ವಜನಿಕ’ ಎಂದೊಡನೆ ಅನೇಕರು ಅದು ಸರ್ಕಾರಕ್ಕೆ ಸೇರಿದ್ದೆಂದು ಭಾವಿಸುತ್ತಾರೆ. ಹಾಗಲ್ಲ. ಸರ್ಕಾರವು ಶೇಕಡಾ 51ಕ್ಕೆ ಕಡಮೆಯಿಲ್ಲದಷ್ಟು ಪಾಲುಬಂಡವಾಳವನ್ನು ಹೊಂದಿರುವುದು ಸರ್ಕಾರಿ ಕಂಪೆನಿ. ಅದು ಬೇರೆಯೇ ಒಂದು ವರ್ಗ. ಇನ್ನು, ಎಲ್ಲ ಸಾರ್ವಜನಿಕ ಕಂಪೆನಿಗಳ ಷೇರುಗಳೂ ಷೇರುಪೇಟೆಯಲ್ಲಿ ವ್ಯಾಪಾರವಾಗುವುದಿಲ್ಲ. ವ್ಯಾಪಾರವಾಗುವ ಕಂಪೆನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಪ್ರಕಟಿಸಬೇಕು, ಮುಖ್ಯ ಘಟನೆಗಳನ್ನು ಒಡನೆಯೇ ಷೇರುಪೇಟೆಗೆ ತಿಳಿಸಬೇಕು. ಆದ್ದರಿಂದ ಅವುಗಳ ವಿಷಯದಲ್ಲಿ ದೊರೆಯುವ ಮಾಹಿತಿ ಮಿಕ್ಕೆಲ್ಲವುಗಳಿಗಿಂತ ಅಧಿಕ.

ಈ ವರ್ಗೀಕರಣವನ್ನು ಒಂದೇ ಸಾಲಿನಲ್ಲಿ ಓದಿಕೊಳ್ಳುವ ಉಪಾಯವೂ ಇದೆ. ನೋಂದಾಯಿತವಾದ ಪ್ರತಿಯೊಂದು ಕಂಪೆನಿಗೂ 21 ಅಕ್ಷರ ಮತ್ತು ಅಂಕಿಗಳ ಒಂದು ಗುರುತುಸಂಖ್ಯೆಯುಂಟು. ಕಂಪೆನಿಯ ಕಾಗದಪತ್ರಗಳಲ್ಲಿಯೂ ಬಿಲ್ಲುಗಳಲ್ಲಿಯೂ ಇದನ್ನು ಮುದ್ರಿಸುವುದು ಕಡ್ಡಾಯ. ಮೊದಲನೆಯ ಅಕ್ಷರ ‘ಎಲ್’ ಆಗಿದ್ದರೆ ಆ ಕಂಪೆನಿ ಷೇರುಪೇಟೆಯಲ್ಲಿದೆ, ‘ಯು’ ಆಗಿದ್ದರೆ ಇಲ್ಲ. ಮುಂದಿನ 5 ಅಂಕಿಗಳು ಉದ್ಯಮದ ಬಗೆಯನ್ನು ತಿಳಿಸುತ್ತವೆ. ಆಮೇಲಿನ 2 ಅಕ್ಷರಗಳು ರಾಜ್ಯದ ಗುರುತು, ಕರ್ನಾಟಕಕ್ಕೆ ‘ಕೆಎ’. ಬಳಿಕ ಬರುವ 4 ಅಂಕಿಗಳು ಸ್ಥಾಪನೆಯ ವರ್ಷ. ಅನಂತರದ 3 ಅಕ್ಷರಗಳಲ್ಲಿ ‘ಪಿಟಿಸಿ’ ಎಂದರೆ ಖಾಸಗಿ, ‘ಪಿಎಲ್‌ಸಿ’ ಎಂದರೆ ಸಾರ್ವಜನಿಕ, ‘ಜಿಒಐ’ ಎಂದರೆ ಭಾರತ ಸರ್ಕಾರದ್ದು. ಕೊನೆಯ 6 ಅಂಕಿಗಳು ನೋಂದಣಿಯ ಸಂಖ್ಯೆ. ರೋಹಿತದ ಗೆರೆಗಳನ್ನು ನೋಡಿ ಭೌತವಿಜ್ಞಾನಿಯು ದೂರದ ನಕ್ಷತ್ರದಲ್ಲಿರುವ ಧಾತುಗಳನ್ನು ಹೇಳುವಂತೆ, ಒಂದು ರಸೀತಿಯ ಮೂಲೆಯಲ್ಲಿರುವ ಈ ಸಾಲನ್ನು ನೋಡಿ ನಾವು ಕಂಪೆನಿಯ ವಯಸ್ಸನ್ನೂ ಜಾತಿಯನ್ನೂ ಹೇಳಬಹುದು.

ಹೆಸರುಗಳ ಬೆನ್ನು ಹತ್ತಿ

ಸಂಶೋಧಕನಿಗೆ ಎದುರಾಗುವ ಮೊದಲನೆಯ ತೊಡಕು ಹೆಸರಿನದು. ಮಲೆನಾಡಿನ ಹಿರಿಯರು ‘ಕನ್ಸಾಲಿಡೇಟೆಡ್ ಕಾಫಿ’ ಎಂದು ಕರೆಯುವ ಕಂಪೆನಿಯನ್ನು ಇಂದಿನ ಯಾವ ಪಟ್ಟಿಯಲ್ಲಿ ಹುಡುಕಿದರೂ ಆ ಹೆಸರಿನಲ್ಲಿ ಸಿಕ್ಕುವುದಿಲ್ಲ. 1943ರಲ್ಲಿ ಸ್ಥಾಪನೆಯಾದ ಆ ಕಂಪೆನಿ ಟಾಟಾ ಸಮೂಹಕ್ಕೆ ಸೇರಿ, 2000ದಲ್ಲಿ ಟಾಟಾ ಕಾಫಿ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು. ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅದಕ್ಕೆ ತೋಟಗಳಿದ್ದವು. 2024ರ ಜನವರಿ 1ರಂದು ಟಾಟಾ ಕಾಫಿಯೂ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಈ ಕೊನೆಯ ಕಂಪೆನಿಯಾದರೋ ಹಿಂದೆ ಟಾಟಾ ಟೀ ಎಂದೂ, 2010ರಿಂದ ಟಾಟಾ ಗ್ಲೋಬಲ್ ಬಿವರೇಜಸ್ ಎಂದೂ ಹೆಸರಾಗಿದ್ದು, 2020ರಲ್ಲಿ ಇಂದಿನ ಹೆಸರನ್ನು ತಳೆಯಿತು. ಒಂದೇ ತೋಟದ ಎಪ್ಪತ್ತು ಎಂಬತ್ತು ವರ್ಷಗಳ ಚರಿತ್ರೆಯನ್ನು ಬರೆಯಬೇಕಾದವನು ಹೀಗೆ ಹಲವು ಹೆಸರುಗಳ ಅಡಿಯಲ್ಲಿ ಹುಡುಕಬೇಕಾಗುತ್ತದೆ. ಆದ್ದರಿಂದ ಶೋಧನೆಯ ಮೊದಲ ದಿನವೇ ಒಂದು ಹಾಳೆಯಲ್ಲಿ ಕಂಪೆನಿಯ ಹಳೆಯ ಹೊಸ ಹೆಸರುಗಳನ್ನೂ ಬದಲಾದ ವರ್ಷಗಳನ್ನೂ ಬರೆದಿಟ್ಟುಕೊಳ್ಳುವುದು ಲೇಸು.

ಪುಸ್ತಕ ಭಂಡಾರದಲ್ಲಿ ಎಲ್ಲಿ ನೋಡಬೇಕು?

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಗಣಕಯಂತ್ರ ಮತ್ತು ಅಂತರಜಾಲದ ಸೌಲಭ್ಯವಿರುವ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಿಂದಲೇ ಕೆಲಸವನ್ನು ಪ್ರಾರಂಭಿಸಬಹುದು. ಕೇಂದ್ರ ಸರ್ಕಾರದ ಕಂಪೆನಿ ವ್ಯವಹಾರಗಳ ಮಂತ್ರಾಲಯವು 2006ರಿಂದ ಕಂಪೆನಿಗಳ ದಾಖಲೆಗಳನ್ನು ಅಂತರಜಾಲದಲ್ಲಿ ಒದಗಿಸುತ್ತ ಬಂದಿದೆ. ಅಲ್ಲಿ ಕಂಪೆನಿಯ ಸ್ಥಾಪನೆಯ ದಿನ, ಬಂಡವಾಳ, ನಿರ್ದೇಶಕರು ಮೊದಲಾದ ಮುಖ್ಯ ವಿವರಗಳು ದೊರೆಯುತ್ತವೆ. ನಿಗದಿಯಾದ ಶುಲ್ಕವನ್ನು ತೆತ್ತರೆ ಕಂಪೆನಿಯು ಸಲ್ಲಿಸಿರುವ ಲೆಕ್ಕಪತ್ರಗಳನ್ನೂ ಯಾರು ಬೇಕಾದರೂ ಪರಿಶೀಲಿಸಬಹುದು. ಹಾಗೆ ಪರಿಶೀಲಿಸುವ ಹಕ್ಕನ್ನು ಕಾಯಿದೆಯೇ ನಮಗೆ ಕೊಟ್ಟಿದೆ. ಅದಕ್ಕೆ ಯಾರ ಶಿಫಾರಸೂ ಬೇಕಾಗಿಲ್ಲ.

ಮುಂದಿನ ಹಂತ ಚಿಕ್ಕಮಗಳೂರಿನಲ್ಲಿರುವ ಜಿಲ್ಲಾ ಕೇಂದ್ರ ಗ್ರಂಥಾಲಯ, ಅಥವಾ ಕಾಲೇಜಿನ ಪುಸ್ತಕ ಭಂಡಾರ. ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಉದ್ಯಮ ಸಂಸ್ಥೆಗಳ ಬಗೆಗಿನ ಪುಸ್ತಕಗಳು 338.7ರಲ್ಲಿಯೂ, ಲೆಕ್ಕಶಾಸ್ತ್ರ 657ರಲ್ಲಿಯೂ, ಕಾಫಿ ಬೇಸಾಯ 633.73ರಲ್ಲಿಯೂ ಇರುತ್ತವೆ. ಈ ಮೂರು ಕಪಾಟುಗಳು ಒಂದರಿಂದೊಂದು ದೂರವಿರುವುದರಿಂದ, ಒಂದನ್ನೇ ನೋಡಿ ಹಿಂತಿರುಗುವವನಿಗೆ ಅರ್ಧ ವಿಷಯವೂ ಸಿಕ್ಕುವುದಿಲ್ಲ. ಪತ್ರಿಕೆಗಳ ಹಳೆಯ ಸಂಪುಟಗಳನ್ನೂ ಕೇಳಿ ನೋಡಬೇಕು. ಕಂಪೆನಿಯ ಸಭೆಯ ಪ್ರಕಟಣೆ, ಕಾರ್ಮಿಕರ ಮುಷ್ಕರದ ಸುದ್ದಿ, ಬ್ಯಾಂಕಿನ ಹರಾಜಿನ ಜಾಹೀರಾತು, ಎಲ್ಲವೂ ದಿನ ಸಹಿತವಾಗಿ ಅಲ್ಲಿರುತ್ತವೆ.

ಹಳೆಯ ಕಾಲದ ವಿಚಾರಕ್ಕೆ ಗೆಜೆಟಿಯರುಗಳು ಉತ್ತಮ ಆಧಾರ. ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘವಾದ ಉಪಾಸಿಯು 1893ರಲ್ಲಿ ಸ್ಥಾಪನೆಯಾಯಿತು. ಅದರ ‘ಪ್ಲಾಂಟರ್ಸ್ ಕ್ರಾನಿಕಲ್’ ಪತ್ರಿಕೆ 1906ರಿಂದ ಬಂದದ್ದು. ಕಾಫಿ ಮಂಡಳಿಯು ‘ಇಂಡಿಯನ್ ಕಾಫಿ’ ಎಂಬ ಪತ್ರಿಕೆಯನ್ನು ಹೊರಡಿಸಿದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನ ಕೇಂದ್ರವು ಬಾಳೂರಿನವರಿಗೆ ನೆರೆಯದೇ ಸರಿ. ರಾಜಧಾನಿಗೆ ಹೋಗುವ ಅವಕಾಶವಿದ್ದವರು ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವನ್ನು ನೋಡಬಹುದು. ವಾಣಿಜ್ಯಶಾಸ್ತ್ರದ ವಿಭಾಗವಿರುವ ವಿಶ್ವವಿದ್ಯಾನಿಲಯಗಳಲ್ಲಿ ಕೆಲವು, ಕಂಪೆನಿಗಳ ಅನೇಕ ವರ್ಷಗಳ ಲೆಕ್ಕಗಳನ್ನು ಒಟ್ಟುಗೂಡಿಸಿರುವ ‘ಪ್ರೊವೆಸ್’ ಎಂಬ ದತ್ತಸಂಗ್ರಹಕ್ಕೆ ಚಂದಾದಾರರಾಗಿರುತ್ತವೆ. ಗ್ರಂಥಪಾಲಕರಿಗೆ ‘ಕಂಪೆನಿಗಳ ಬಗ್ಗೆ ಏನಾದರೂ ಕೊಡಿ’ ಎಂದು ಕೇಳುವುದಕ್ಕಿಂತ, ‘ಇಂಥ ಕಂಪೆನಿಯ ಇಂಥ ವರ್ಷದ ವಾರ್ಷಿಕ ವರದಿ ಬೇಕು’ ಎಂದು ಕೇಳುವುದು ಇಬ್ಬರ ಕಾಲವನ್ನೂ ಉಳಿಸುತ್ತದೆ.

ವಾರ್ಷಿಕ ವರದಿಯನ್ನು ಓದುವ ಕ್ರಮ

ಕಂಪೆನಿಯ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲ ಪುಟಗಳ ವರ್ಣಚಿತ್ರಗಳನ್ನೂ ಅಧ್ಯಕ್ಷರ ಭಾಷಣವನ್ನೂ ಓದಿ ತೃಪ್ತರಾಗುತ್ತಾರೆ. ನಾವು ಹಿಂದಿನ ಪುಟಗಳಿಂದ ಪ್ರಾರಂಭಿಸುವುದು ಮೇಲು.

ಮೊದಲು ಲೆಕ್ಕಪರಿಶೋಧಕರ ವರದಿಯನ್ನು ನೋಡಬೇಕು. ಲೆಕ್ಕಗಳು ಕಂಪೆನಿಯ ನೈಜಸ್ಥಿತಿಯನ್ನು ನ್ಯಾಯವಾಗಿ ತೋರಿಸುತ್ತವೆಯೆಂದು ಅವರು ನಿರಾತಂಕವಾಗಿ ಹೇಳಿದ್ದಾರೆಯೇ, ಯಾವುದಾದರೊಂದು ಅಂಶವನ್ನು ಹೊರತುಪಡಿಸಿ ಹೇಳಿದ್ದಾರೆಯೇ, ಅಥವಾ ಅಭಿಪ್ರಾಯ ಕೊಡಲು ಸಾಧ್ಯವಿಲ್ಲವೆಂದೇ ಬರೆದಿದ್ದಾರೆಯೇ? ಒಂದು ‘ಹೊರತು’ ಎಂಬ ಮಾತಿನ ಬೆಲೆ ಹತ್ತು ಪುಟಗಳ ಭಾಷಣಕ್ಕಿಂತ ಹೆಚ್ಚು.

ಎರಡನೆಯದು ಅಢಾವೆ ಪತ್ರಿಕೆ, ಎಂದರೆ ಬ್ಯಾಲೆನ್ಸ್ ಶೀಟು. ಇದರಲ್ಲಿ ಆಸ್ತಿಗಳ ಮೊತ್ತವು ಸಾಲ ಮತ್ತು ಸ್ವಂತ ಬಂಡವಾಳಗಳ ಮೊತ್ತಕ್ಕೆ ಯಾವಾಗಲೂ ಸಮವಾಗಿರುತ್ತದೆ. ಆದ್ದರಿಂದ ಎರಡು ಬದಿಗಳೂ ಸರಿದೂಗಿವೆಯೆಂದು ಹರ್ಷಪಡಬೇಕಾಗಿಲ್ಲ. ನೋಡಬೇಕಾದುದು, ಆ ಆಸ್ತಿಯಲ್ಲಿ ಎಷ್ಟು ಭಾಗ ಸಾಲದಿಂದ ಬಂದದ್ದು, ಎಷ್ಟು ಭಾಗ ಸ್ವಂತದ್ದು ಎಂಬುದನ್ನು. ಕಾಫಿಯ ಕಂಪೆನಿಗಳಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ಅರೇಬಿಕಾ ಕೊಯ್ಲು ಜನವರಿಯ ಹೊತ್ತಿಗೂ, ರೊಬಸ್ಟಾ ಕೊಯ್ಲು ಮಾರ್ಚಿಯ ಹೊತ್ತಿಗೂ ಬಹುಮಟ್ಟಿಗೆ ಮುಗಿದಿರುತ್ತದೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚಿ 31ಕ್ಕೆ. ಆ ದಿನ ಗೋದಾಮುಗಳಲ್ಲಿ ಕಾಫಿ ತುಂಬಿರುವುದು ಸಹಜ. ಅದೇ ಕಂಪೆನಿಯ ದಾಸ್ತಾನು ಸೆಪ್ಟೆಂಬರಿನಲ್ಲಿ ಬೇರೆಯೇ ಆಗಿರುತ್ತದೆ.

ಮೂರನೆಯದು ನಗದಿನ ಹರಿವಿನ ಪಟ್ಟಿ. ಮಾರಿದ ಕಾಫಿಯ ಹಣ ಇನ್ನೂ ಕೈಸೇರದಿದ್ದರೂ ಲಾಭ-ನಷ್ಟದ ಲೆಕ್ಕದಲ್ಲಿ ಅದು ಲಾಭವೆಂದೇ ಸೇರಿಕೊಂಡಿರುತ್ತದೆ. ವರ್ಷವರ್ಷವೂ ಲಾಭ ಏರುತ್ತಿದ್ದು ವ್ಯವಹಾರದಿಂದ ಬರುವ ನಗದು ಮಾತ್ರ ಇಳಿಯುತ್ತಿದ್ದರೆ, ಕಾರಣವನ್ನು ಹುಡುಕದೆ ಮುಂದೆ ಹೋಗಬಾರದು.

ನಾಲ್ಕನೆಯದು ಟಿಪ್ಪಣಿಗಳು. ಸಣ್ಣ ಅಕ್ಷರಗಳ ಈ ಪುಟಗಳಲ್ಲಿಯೇ ಸಂಬಂಧಿತ ವ್ಯಕ್ತಿಗಳೊಡನೆ ಮತ್ತು ಸೋದರ ಸಂಸ್ಥೆಗಳೊಡನೆ ನಡೆದ ವ್ಯವಹಾರಗಳೂ, ನ್ಯಾಯಾಲಯಗಳಲ್ಲಿರುವ ವ್ಯಾಜ್ಯಗಳೂ, ಒತ್ತೆಯಿಟ್ಟ ಆಸ್ತಿಗಳೂ ಕಾಣಿಸಿಕೊಳ್ಳುತ್ತವೆ.

ಒಂದು ದಿನದ ಛಾಯಾಚಿತ್ರ

ಈ ಕ್ರಮದ ಶಕ್ತಿಯನ್ನೂ ಮಿತಿಯನ್ನೂ ನಮ್ಮ ಜಿಲ್ಲೆಗೆ ಹತ್ತಿರದ ಒಂದು ಉದಾಹರಣೆ ತೋರಿಸಿಕೊಡುತ್ತದೆ. ಚಿಕ್ಕಮಗಳೂರಿನ ಕಾಫಿಯ ನೆಲದಿಂದ ಬೆಳೆದ ಕಾಫಿ ಡೇ ಎಂಟರ್‌ಪ್ರೈಸಸ್ ಕಂಪೆನಿಯು 2015ರಲ್ಲಿ ಷೇರೊಂದಕ್ಕೆ ರೂ. 328ರಂತೆ ಸಾರ್ವಜನಿಕರಿಂದ ರೂ. 1,150 ಕೋಟಿಯನ್ನು ಸಂಗ್ರಹಿಸಿತು. ಆ ಸಮಯದಲ್ಲಿ ಪ್ರಕಟವಾದ ವಿವರಣ ಪತ್ರಿಕೆಯಂಥ ದಾಖಲೆಯಲ್ಲಿ ಕಂಪೆನಿಯು ತನಗಿರುವ ಅಪಾಯಗಳನ್ನು ತಾನೇ ಪಟ್ಟಿಮಾಡಿ ಹೇಳಬೇಕಾಗುತ್ತದೆ. ಹೊಸದಾಗಿ ಷೇರುಪೇಟೆಗೆ ಬರುವ ಯಾವ ಕಂಪೆನಿಯ ವಿಷಯದಲ್ಲಿಯೂ ಮೊದಲು ಓದಬೇಕಾದ ಭಾಗವದು.

2019ರ ಜುಲೈ ತಿಂಗಳ ಕೊನೆಯಲ್ಲಿ ಸ್ಥಾಪಕರು ನಿಧನರಾದ ಬಳಿಕ ಕಂಪೆನಿಯು ತನಿಖೆಯೊಂದನ್ನು ಮಾಡಿಸಿ, ಅದರ ಸಾರಾಂಶವನ್ನು 2020ರ ಜುಲೈಯಲ್ಲಿ ಷೇರುಪೇಟೆಗಳಿಗೆ ತಿಳಿಸಿತು. ಅದರ ಪ್ರಕಾರ, ಪ್ರವರ್ತಕರ ಕುಟುಂಬಕ್ಕೆ ಸೇರಿದ, ಷೇರುಪೇಟೆಯಲ್ಲಿಲ್ಲದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಸಂಸ್ಥೆಯಿಂದ, 2019ರ ಜುಲೈ 31ಕ್ಕೆ ಕಾಫಿ ಡೇಯ ಅಧೀನ ಕಂಪೆನಿಗಳಿಗೆ ಬರಬೇಕಾಗಿದ್ದ ಮೊತ್ತ ರೂ. 3,535 ಕೋಟಿ. ಅದೇ ವರ್ಷದ ಮಾರ್ಚಿ 31ರ ಪರಿಶೋಧಿತ ಲೆಕ್ಕಗಳ ಪ್ರಕಾರ ಆ ಬಾಕಿ ರೂ. 842 ಕೋಟಿ ಇದ್ದಿತು. ವ್ಯವಕಲನ ಮಾಡಿದರೆ ಉಳಿಯುವುದು ರೂ. 2,693 ಕೋಟಿ.

ಈ ಮೂರು ಸಂಖ್ಯೆಗಳನ್ನು ಸಾವಧಾನವಾಗಿ ನೋಡಿರಿ. ಸೋದರ ಸಂಸ್ಥೆಯೊಂದರಿಂದ ನೂರಾರು ಕೋಟಿ ರೂಪಾಯಿ ಬರಬೇಕಾಗಿದೆ ಎಂಬ ಸಂಗತಿ ಮಾರ್ಚಿಯ ಲೆಕ್ಕಗಳಲ್ಲಿಯೇ ಇದ್ದಿತು. ಆ ಸಂಸ್ಥೆಗೆ ಇಷ್ಟು ಹಣ ಏತಕ್ಕೆ ಹೋಯಿತು, ಹೇಗೆ ಹಿಂತಿರುಗುತ್ತದೆ ಎಂಬ ಪ್ರಶ್ನೆಯನ್ನು ಲೆಕ್ಕಗಳನ್ನು ಓದಿದ ಯಾವ ವಾಚಕನೂ ಕೇಳಬಹುದಾಗಿದ್ದಿತು. ಆದರೆ ದೊಡ್ಡ ಮೊತ್ತವನ್ನು ಆ ಪತ್ರಿಕೆಯಿಂದ ಯಾರೂ ಊಹಿಸುವಂತಿರಲಿಲ್ಲ. ಅಢಾವೆ ಪತ್ರಿಕೆಯೆಂಬುದು ಒಂದು ದಿನದ ಛಾಯಾಚಿತ್ರ. ಓಡುತ್ತಿರುವ ಚೆಂಡಿನ ಒಂದು ಛಾಯಾಚಿತ್ರದಿಂದ ಅದು ಎಲ್ಲಿದೆಯೆಂದು ಹೇಳಬಹುದೇ ಹೊರತು, ಯಾವ ವೇಗದಲ್ಲಿ ಎತ್ತ ಹೋಗುತ್ತಿದೆಯೆಂದು ಹೇಳಲಾಗದು. ವೇಗವನ್ನು ತಿಳಿಯಲು ಅನೇಕ ಛಾಯಾಚಿತ್ರಗಳು ಬೇಕು. ಆದಕಾರಣ ಒಂದು ವರ್ಷದ ವರದಿಯಿಂದ ತೀರ್ಮಾನಕ್ಕೆ ಬರದೆ, ಐದು ವರ್ಷಗಳ ವರದಿಗಳನ್ನೂ ನಡುವಿನ ತ್ರೈಮಾಸಿಕ ಲೆಕ್ಕಗಳನ್ನೂ ಸಾಲಾಗಿ ಇಟ್ಟು ನೋಡುವುದು ಅವಶ್ಯಕ.

ಕುದುರೆಮುಖದ ಪಾಠ

ಸರ್ಕಾರಿ ಕಂಪೆನಿಗೆ ಉದಾಹರಣೆಯನ್ನು ಕಳಸದ ಆಚೆಯ ಬೆಟ್ಟಗಳಲ್ಲಿ ಕಾಣಬಹುದು. ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ 1976ರ ಏಪ್ರಿಲ್ 2ರಂದು ಸ್ಥಾಪನೆಯಾಯಿತು. ಇರಾನ್ ದೇಶಕ್ಕೆ ಅದಿರನ್ನು ಒದಗಿಸುವುದು ಮೂಲ ಉದ್ದೇಶವಾಗಿದ್ದಿತು. ಇಂದು ಅದರ ಹೆಸರು ಕೆಐಒಸಿಎಲ್ ಲಿಮಿಟೆಡ್. ಸರ್ಕಾರಿ ಕಂಪೆನಿಯ ಲೆಕ್ಕಪರಿಶೋಧಕರನ್ನು ನೇಮಿಸುವವರು ಭಾರತದ ಮಹಾಲೇಖಪಾಲರು. ಕೇಂದ್ರ ಸರ್ಕಾರದ ಕಂಪೆನಿಗಳ ವಾರ್ಷಿಕ ವರದಿಯನ್ನು ಸಂಸತ್ತಿನ ಎರಡು ಸದನಗಳಲ್ಲಿಯೂ ಮಂಡಿಸಬೇಕು. ಹೀಗಾಗಿ ಕಂಪೆನಿಯ ಮಾತಿನ ಜತೆಗೆ ಮಹಾಲೇಖಪಾಲರ ಟೀಕೆ, ಸಂಸತ್ತಿನ ಪ್ರಶ್ನೋತ್ತರ, ನ್ಯಾಯಾಲಯದ ತೀರ್ಪುಗಳೂ ದೊರೆಯುತ್ತವೆ.

ಇಲ್ಲಿ ಭೌತವಿಜ್ಞಾನವೂ ನಮ್ಮ ಸಹಾಯಕ್ಕೆ ಬರುತ್ತದೆ. ಕುದುರೆಮುಖದ ಕಾರ್ಖಾನೆಯನ್ನು ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕೃತ ಅದಿರನ್ನು ತಯಾರಿಸುವಂತೆ ಯೋಜಿಸಲಾಗಿದ್ದಿತು. ಅದನ್ನು ನೀರಿನೊಡನೆ ಬೆರೆಸಿ 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸುತ್ತಿದ್ದರು. ನೆಲದಿಂದ ತೆಗೆದ ಅದಿರಿನಲ್ಲಿ ಕಬ್ಬಿಣದ ಅಂಶ ಹೆಚ್ಚೆಂದರೆ ಶೇಕಡಾ 38ರಷ್ಟು, ಸಾಂದ್ರೀಕರಿಸಿದ ಬಳಿಕ ಶೇಕಡಾ 67ರಷ್ಟು ಎಂದು ಇಟ್ಟುಕೊಳ್ಳೋಣ. 75 ಲಕ್ಷ ಟನ್ನಿನಲ್ಲಿರುವ ಕಬ್ಬಿಣ ಸುಮಾರು 50 ಲಕ್ಷ ಟನ್. ಒಂದು ಕಣವೂ ನಷ್ಟವಾಗದಿದ್ದರೂ ಇಷ್ಟು ಕಬ್ಬಿಣಕ್ಕಾಗಿ ಅಗೆಯಬೇಕಾದ ಅದಿರು ಸುಮಾರು 132 ಲಕ್ಷ ಟನ್. ದ್ರವ್ಯವು ನಾಶವಾಗುವುದಿಲ್ಲ, ಆದ್ದರಿಂದ ವರ್ಷಕ್ಕೆ ಕನಿಷ್ಠ 57 ಲಕ್ಷ ಟನ್ ತ್ಯಾಜ್ಯ ಎಲ್ಲಿಯೋ ಇರಲೇಬೇಕು. ವಾಸ್ತವದಲ್ಲಿ ಕಬ್ಬಿಣದ ಒಂದು ಭಾಗ ತ್ಯಾಜ್ಯದೊಡನೆ ಹೋಗುವುದರಿಂದ ಮೊತ್ತ ಇನ್ನೂ ಹೆಚ್ಚಾಗಿರುತ್ತದೆ. ಅದನ್ನು ತಡೆದು ಹಿಡಿಯುವುದಕ್ಕಾಗಿಯೇ ಲಕ್ಯಾ ಅಣೆಕಟ್ಟನ್ನು ಕಟ್ಟಿದ್ದರು. ಉತ್ಪನ್ನದ ಒಂದು ಅಂಕಿಯಿಂದ ತ್ಯಾಜ್ಯದ ಪ್ರಮಾಣವನ್ನು ಅಳೆಯುವ ಈ ವಿಧಾನವನ್ನು ಯಾವ ಕಾರ್ಖಾನೆಗೂ ಅನ್ವಯಿಸಬಹುದು.

ಗಣಿಯ ಸುತ್ತಣ ಕಾಡು ಮತ್ತು ಭದ್ರಾ ನದಿಯ ರಕ್ಷಣೆಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2002ರ ಅಕ್ಟೋಬರ್ 30ರ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತುಹೋಯಿತು. ಆ ವರ್ಷಗಳ ವಾರ್ಷಿಕ ವರದಿಗಳನ್ನೂ ತೀರ್ಪನ್ನೂ ಒಟ್ಟಿಗೆ ಓದಿದವನಿಗೆ, ಒಂದೇ ಬೆಟ್ಟವನ್ನು ಎರಡು ಕಡೆಗಳಿಂದ ಕಂಡಂತಾಗುತ್ತದೆ. ಒಂದರಲ್ಲಿ ಅದು ಟನ್ನುಗಳ ಲೆಕ್ಕ, ಇನ್ನೊಂದರಲ್ಲಿ ಕಾಡು ಮತ್ತು ನೀರಿನ ಲೆಕ್ಕ.

ಖಾಸಗಿ ಸಂಸ್ಥೆಗಳ ವಿಷಯ

ಬಾಳೂರು ಸೀಮೆಯ ತೋಟಗಳಲ್ಲಿ ಬಹುಪಾಲು ಯಾವ ಕಂಪೆನಿಗೂ ಸೇರಿದವುಗಳಲ್ಲ. ಅವು ಕುಟುಂಬಗಳ ಸ್ವಂತದವು, ಇಲ್ಲವೆ ಪಾಲುದಾರಿಕೆಯವು. ‘ಅಂಡ್ ಕಂಪೆನಿ’ ಎಂಬ ಹಲಗೆಯ ಹಿಂದೆ ಅನೇಕ ವೇಳೆ ಇರುವುದು ಪಾಲುದಾರಿಕೆಯ ವ್ಯಾಪಾರವೇ ಹೊರತು ಕಂಪೆನಿಯಲ್ಲ. ನೋಂದಾಯಿತ ಪಾಲುದಾರಿಕೆಯಾದರೆ, 1932ರ ಪಾಲುದಾರಿಕೆ ಕಾಯಿದೆಯಂತೆ ಪಾಲುದಾರರ ಹೆಸರುಗಳನ್ನು ರಿಜಿಸ್ಟ್ರಾರರ ಪುಸ್ತಕದಲ್ಲಿ ನೋಡಬಹುದು. ಆದರೆ ಅವರ ಲೆಕ್ಕಪತ್ರಗಳು ಪ್ರಕಟವಾಗುವುದಿಲ್ಲ. ಒಬ್ಬನೇ ಒಡೆಯನಿರುವ ವ್ಯಾಪಾರದ ವಿಷಯದಲ್ಲಿ ಇಷ್ಟೂ ದೊರೆಯದು.

ಪ್ರೈವೇಟ್ ಲಿಮಿಟೆಡ್ ಕಂಪೆನಿಯ ಸ್ಥಿತಿ ಇದಕ್ಕಿಂತ ಉತ್ತಮ. ವಾರ್ಷಿಕ ಸಭೆಯಾದ 30 ದಿನಗಳೊಳಗೆ ಅದು ತನ್ನ ಲೆಕ್ಕಪತ್ರಗಳನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಆಸ್ತಿಯನ್ನು ಒತ್ತೆಯಿಟ್ಟು ಸಾಲ ಪಡೆದಿದ್ದರೆ ಅದನ್ನೂ ಅಲ್ಲಿ ನೋಂದಾಯಿಸಬೇಕು. ಗೋದಾಮಿನಲ್ಲಿರುವ ದಾಸ್ತಾನೆಲ್ಲವೂ ಬ್ಯಾಂಕಿಗೆ ಒತ್ತೆಯಾಗಿದೆಯೆಂದು ಈ ದಾಖಲೆಯಿಂದ ತಿಳಿದರೆ, ಅಲ್ಲಿ ಕಾಫಿಯನ್ನು ಇಡಲಿರುವ ಬೆಳೆಗಾರನು ರಸೀತಿಯ ಷರತ್ತುಗಳನ್ನು ಇನ್ನೊಮ್ಮೆ ಓದುವುದು ಕ್ಷೇಮ. ಕಾಲಕ್ಕೆ ಸರಿಯಾಗಿ ಲೆಕ್ಕಗಳನ್ನು ಸಲ್ಲಿಸದಿರುವುದೂ ಒಂದು ಮಾಹಿತಿಯೇ. ಪ್ರಯೋಗದಲ್ಲಿ ಸೂಚಿಯು ಚಲಿಸದಿದ್ದಾಗಲೂ ನಾವು ಅದನ್ನು ಬರೆದುಕೊಳ್ಳುವುದಿಲ್ಲವೇ?

ಹೀಗೆ ಸಂಗ್ರಹಿಸಿದ ಪ್ರತಿಯೊಂದು ಸಂಗತಿಯ ಎದುರಿಗೂ ಅದು ದೊರೆತ ದಾಖಲೆ, ದಾಖಲೆಯ ದಿನ, ಅದನ್ನು ಬರೆದವರು ಯಾರು ಎಂಬ ಮೂರನ್ನು ಗುರುತಿಸಿಡಬೇಕು. ಕಂಪೆನಿಯೇ ಹೇಳಿದ್ದು, ಪರಿಶೋಧಕರು ಹೇಳಿದ್ದು, ಹೊರಗಿನವರು ಹೇಳಿದ್ದು ಎಂದು ಮೂರು ಅಂಕಣಗಳನ್ನು ಮಾಡಿಕೊಂಡರೆ, ಅವು ಎಲ್ಲಿ ಒಂದಕ್ಕೊಂದು ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದು ತಾನಾಗಿಯೇ ಕಾಣುತ್ತದೆ. ಕೂಡದ ಸ್ಥಳದಲ್ಲಿಯೇ ನಿಜವಾದ ಪ್ರಶ್ನೆ ಇರುತ್ತದೆ.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಊರಿನ ಒಂದು ಕಂಪೆನಿಯನ್ನು ಆರಿಸಿಕೊಂಡು, ಮನೆಯಲ್ಲಿರುವ ಯಾವುದಾದರೂ ಹಳೆಯ ಬಿಲ್ಲಿನಿಂದ ಅದರ 21 ಅಕ್ಷರಗಳ ಗುರುತನ್ನು ಬರೆದುಕೊಂಡು, ಹತ್ತಿರದ ಗ್ರಂಥಾಲಯಕ್ಕೆ ಹೋಗಲಿ. ಮೊದಲ ದಿನ ಸಿಕ್ಕುವುದು ಸ್ವಲ್ಪವೇ ಆಗಿರಬಹುದು. ಆದರೆ ಮುಂದಿನ ಕೊಯ್ಲಿನಲ್ಲಿ ಮನೆಯ ಹಿರಿಯರು ಮೂಟೆಗಳನ್ನು ಯಾರ ಗೋದಾಮಿಗೆ ಕಳುಹಿಸುವುದೆಂದು ಆಲೋಚಿಸುವಾಗ, ಆ ಸ್ವಲ್ಪವೂ ಉಪಯೋಗಕ್ಕೆ ಬಂದೀತು.